ಮುಂಭಾರ, ಹಿಂಭಾರ

ಅಮೆರಿಕದ ಕನ್ನಡ ಸಂಸಾರಗಳಿಗೆ ಎರಡನೇ ಮಗು ಹುಟ್ಟುವ ಹೊತ್ತಿಗೆ ಮಿನಿವ್ಯಾನ್ ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಫ್ರೀಮಾಂಟಿನ ನಮ್ಮನೆಗೂ ಹಾಗೇ ಒಂದು ಬೂದು ಬಣ್ಣದ್ದು ಬಂತು. ಊರಿಂದ ಬಂದ ಅಪ್ಪ ಅಮ್ಮನನ್ನು ಲಿವರ್ಮೋರಿನ ದೇವಸ್ಥಾನಕ್ಕೆ ಹೊತ್ತಿತು, ಭರತನಾಟ್ಯದ ಕ್ಲಾಸಿನ ಹೊರಗೆ ಕಾಯಿತು, ಸೀಟಿನ ಸಂದಿಯಲ್ಲಿ ಚುರುಮುರಿ ತುಂಬಿಕೊಂಡಿತು. ಕೊನೆಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ರಿಪೇರಿಯ ದುಡ್ಡಿಗೆ ಇಂಥವೇ ಎರಡು ವ್ಯಾನ್ ಬರುತ್ತವೆ ಅಂದ ಮೆಕ್ಯಾನಿಕ್. ನಾನು ಗುಜರಿಯವನಿಗೆ ಫೋನು ಮಾಡುವುದರಲ್ಲಿದ್ದೆ. ಲಾಸ್ ಏಂಜಲೀಸಿನಲ್ಲಿ ಓದುವ ಮಗಳು ತಡೆದಳು. ಹಳೇ ಗೇರ್‌ಬಾಕ್ಸ್ ಹುಡುಕಿ ತಾನೇ ಕೂರಿಸುತ್ತಾಳಂತೆ, ಹಿಂದೆ ಹಾಸಿಗೆ ಹಾಕಿಕೊಂಡು ಮರುಭೂಮಿಯಲ್ಲಿ ನಕ್ಷತ್ರ ನೋಡುತ್ತಾಳಂತೆ. ‘ನೀನು ತಂದುಕೊಡು, ಸಾಕು.’

ತಂದುಕೊಡುವುದಕ್ಕೆ ಅದೇನು ತೆಂಗಿನಕಾಯಿಯೇ? ವ್ಯಾನಿನ ತೂಕ ಹೆಚ್ಚುಕಮ್ಮಿ 1,900 ಕಿಲೋ. ಬಾಡಿಗೆ ಟ್ರೇಲರಿನದು ಇನ್ನೊಂದು ಸಾವಿರ. ಎಳೆಯುವುದಕ್ಕೆ ಅದಕ್ಕಿಂತ ಭಾರದ ಗಾಡಿಯೇ ಇದ್ದರೆ ಜೀವಕ್ಕೆ ನೆಮ್ಮದಿ. ಹಗುರ ಗಾಡಿಯಾದರೆ ಯಾರು ಯಾರನ್ನು ಎಳೆಯುತ್ತಿದ್ದಾರೆ ಅನ್ನುವುದು ಮೊದಲ ಇಳಿಜಾರಿನಲ್ಲೇ ಗೊತ್ತಾಗುತ್ತದೆ. ಸಾಫ್ಟ್‌ವೇರಿನಲ್ಲಿದ್ದೂ ದೊಡ್ಡ ಪಿಕಪ್ ಟ್ರಕ್ ಇಟ್ಟುಕೊಂಡ ಗೆಳೆಯನೊಬ್ಬನಿದ್ದಾನೆ, ಮಂಡ್ಯದ ಕಡೆಯವನು. ಆ ಟ್ರಕ್ಕನ್ನು ಇಷ್ಟು ವರ್ಷ ಗೇಲಿ ಮಾಡಿದವರೆಲ್ಲ ಮನೆ ಬದಲಾಯಿಸುವಾಗ ಅವನ ಕಾಲು ಹಿಡಿದವರೇ. ಈಗ ನನ್ನ ಸರದಿ.

ವ್ಯಾನನ್ನು ವಿಂಚ್ ಹಾಕಿ ಟ್ರೇಲರಿಗೆ ಏರಿಸಿದ್ದಾಯಿತು, ಮೂತಿ ಮುಂದೆ ಮಾಡಿ. ಎಂಜಿನ್ ಮುಂದಿರುವ ಗಾಡಿಯನ್ನು ಹಾಗೇ ಏರಿಸಬೇಕು. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು ಅನ್ನುತ್ತದೆ ಕೈಪಿಡಿ. ಗೆಳೆಯನಿಗೆ ಕೈಪಿಡಿ ಬೇಕಿರಲಿಲ್ಲ. ಅವರಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದವರು. ‘ಹಿಂಭಾರ ಆದ್ರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಉರುಳು. ಮುಂಭಾರ ಜಾಸ್ತಿ ಆದ್ರೆ ಹೆಗಲು ಹುಣ್ಣು. ಇಲ್ಲೂ ಅಷ್ಟೇ ಕಣೋ. ಹಿಂಭಾರ ಆದ್ರೆ ಟ್ರೇಲರು ಬಾಲ ಆಡಿಸುತ್ತೆ. ಮುಂಭಾರ ಅತಿಯಾದ್ರೆ ಟ್ರಕ್ಕಿನ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗು ನೆಲ ಮರೆಯುತ್ತೆ.’

ಹೀಗೆಂದವನೇ ವ್ಯಾನಿನ ಹಿಂಬಾಗಿಲು ತೆಗೆದ. ಅಲ್ಲಿ ನನ್ನ ಹೆಂಡತಿ ಮಗಳಿಗೆಂದು ಪ್ರೆಷರ್ ಕುಕ್ಕರು, ಗ್ರೈಂಡರು, ಸೋನಾ ಮಸೂರಿ ಮೂಟೆ, ಮಾವಿನಮಿಡಿ ಜಾಡಿ ಎಲ್ಲ ಪೇರಿಸಿಟ್ಟಿದ್ದಳು. ಒಂದೊಂದಾಗಿ ಇಳಿಸಿದ. ಅಕ್ಕಿಮೂಟೆ ಮುಂದಿನ ಸೀಟಿಗೆ ಹೋಯಿತು, ಅದಕ್ಕೆ ಸೀಟ್‌ಬೆಲ್ಟೂ ಬಿತ್ತು. ‘ಇಷ್ಟು ವರ್ಷ ಆ ಸೀಟಿನಲ್ಲಿ ನಾನೇ ಕೂತಿದ್ದೆ’ ಎಂದಳು ಹೆಂಡತಿ. ಹೋಲಿಕೆ ಮುಂದುವರಿಸುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಕೊಂಡಿ ಹಾಕುವುದನ್ನು ನೋಡಬೇಕು. ಟ್ರಕ್ಕಿನ ಗುಂಡಿನ ಅಳತೆ ಅದರ ನೆತ್ತಿಯ ಮೇಲೇ ಕೊರೆದಿರುತ್ತದೆ. ಟ್ರೇಲರಿನ ಬಾಯಿಗೂ ಅದೇ ಅಳತೆ ಇರಬೇಕು. ಚಿಕ್ಕ ಗುಂಡೂ ಒಳಗೆ ಕೂತಂತೆ ನಟಿಸುತ್ತದೆ, ರಸ್ತೆಯ ಮೊದಲ ಕುಲುಕಿಗೆ ಎದ್ದು ಬರುತ್ತದೆ. ಚಿಲಕ ಹಾಕಿದ ಮೇಲೆ ಗೆಳೆಯ ಟ್ರೇಲರಿನ ಜ್ಯಾಕನ್ನು ತಿರುಗಿಸಿ ಮೂಕಿಯನ್ನು ಮೇಲೆತ್ತಿದ. ಅದರ ಜೊತೆಗೇ ಟ್ರಕ್ಕಿನ ಹಿಂಭಾಗವೂ ಎದ್ದಿತು. ‘ಎದ್ದರೆ ಕಚ್ಚಿದೆ ಅಂತ.’ ಆಮೇಲೆ ಸರಪಳಿಗಳು, ಕೆಳಗೆ ಕತ್ತರಿಯಾಕಾರದಲ್ಲಿ. ಕೊಂಡಿ ಕಳಚಿದರೂ ಮೂಕಿ ಟಾರಿಗೆ ಚುಚ್ಚದೆ ಆ ತೊಟ್ಟಿಲಲ್ಲಿ ಬೀಳಲಿ ಎಂದು. ನಾಲ್ಕೂ ಚಕ್ರಕ್ಕೆ ಪಟ್ಟಿ ಬಿಗಿದ. ಕೆಲವು ಮೈಲಿ ಹೋಗಿ ನಿಲ್ಲಿಸಿ ನೋಡಿದರೆ ಎರಡು ಪಟ್ಟಿ ಸಡಿಲವಾಗಿದ್ದವು. ಕುಲುಕಿಗೆ ಗಾಡಿ ಕುಳಿತಮೇಲೆ ಹಾಗಾಗುವುದೇ ಸಹಜ, ನಿಲ್ಲಿಸಿ ನೋಡದಿರುವುದು ಅಪಾಯ.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯ ಮಿತಿ, ಬಲಗಡೆಯ ಲೇನು. ಐ-5 ಹೆದ್ದಾರಿಯಲ್ಲಿ ಇಷ್ಟು ವರ್ಷ ಹಾರಿಕೊಂಡು ಹೋದವನಿಗೆ ಬಾದಾಮಿ ತೋಟಗಳಲ್ಲಿ ಜೇನುಪೆಟ್ಟಿಗೆಗಳಿರುತ್ತವೆ ಎಂಬುದು ಅವತ್ತು ಕಂಡಿತು. ಕೋಲಿಂಗಾದ ಬಳಿ ಸಾವಿರಾರು ದನಗಳ ದೊಡ್ಡಿ ದಾಟುವಾಗ ಮಕ್ಕಳು ಮೂಗು ಹಿಡಿದು ಕಿರುಚುತ್ತಿದ್ದರು. 55ರಲ್ಲಿ ಆ ವಾಸನೆಗೂ ಕೊನೆಯಿಲ್ಲ, ಕಿರುಚುವವರೂ ಇಲ್ಲ. ಕನ್ನಡಿಯ ತುಂಬ ವ್ಯಾನಿನ ಮುಖ. ಒಳಗೆ ಕೂತು ರಸ್ತೆ ನೋಡುತ್ತಿದ್ದ ನನಗೆ ಅದರ ಎಡಗಣ್ಣು ಇಷ್ಟು ಮಂಜಾಗಿದೆ ಎಂದೇ ಗೊತ್ತಿರಲಿಲ್ಲ.

ದೊಡ್ಡ ಲಾರಿಯೊಂದು ಪಕ್ಕದಲ್ಲಿ ಸುಂಯ್ ಎಂದಾಗ ಆ ಮುಖ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿತು. ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯಿತು. ಗೆಳೆಯ ಬ್ರೇಕು ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೆಟ್ಟಗೆ ಹಿಡಿದು ಸುಮ್ಮನೆ ಕೂತ. ತೂಗಾಟ ತಾನೇ ಸಾಕಾಗಿ ನಿಂತಿತು. ಗ್ರೇಪ್‌ವೈನ್ ಏರಿನಲ್ಲಿ ಎಂಜಿನ್ ಕಾಯದಿರಲು ಏಸಿ ಆರಿಸಿ ಎನ್ನುವ ಫಲಕ ಬಂತು, ಆರಿಸಿ ಬೆವೆತೆವು. ಟೆಹೋನ್ ಕಣಿವೆ ದಾಟಿ ಇಳಿಯುವಾಗ ಅವನು ಕೆಳಗಿನ ಗೇರಿಗೆ ಬಂದ, ಬ್ರೇಕು ಕಾಯಿಸಲಿಲ್ಲ.

ಇಷ್ಟೆಲ್ಲ ಬಲ್ಲವನು ಸೋತದ್ದು ಮಗಳ ಗಲ್ಲಿಯಲ್ಲಿ, ರಿವರ್ಸಿನಲ್ಲಿ. ಬಲಕ್ಕೆ ತಿರುಗಿಸಿದರೆ ಟ್ರೇಲರು ಎಡಕ್ಕೆ. ನಾನು ಕೆಳಗಿಳಿದು ‘ಬಲ, ಬಲ’ ಎಂದೆ; ಯಾರ ಬಲ ಎಂದು ಅವನು ಕೇಳಿದ; ಅದರ ಮೇಲೆ ಚರ್ಚೆಯಾಯಿತು. ಪಕ್ಕದ ಮನೆಯವರು ಕುರ್ಚಿ ತಂದು ಹಾಕಿಕೊಂಡರು. ಮಗಳು ಬಂದಳು, ಅವನನ್ನು ಆ ಕಡೆ ಸರಿಸಿ ಕೂತಳು. ಸ್ಟೀರಿಂಗಿನ ಕೆಳತುದಿಯನ್ನು ಒಂದೇ ಕೈಯಲ್ಲಿ ಹಿಡಿದು, ಟ್ರೇಲರು ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸುತ್ತ, ಜಾಗಕ್ಕೆ ತಂದು ನಿಲ್ಲಿಸಿದಳು.

‘ಯಾರಮ್ಮ ಕಲಿಸಿದ್ದು?’ ಗೆಳೆಯ ಬೆವರು ಒರೆಸಿಕೊಂಡ.

‘ಯೂಟ್ಯೂಬ್, ಅಂಕಲ್. ಕೊಂಡಿ ಬಿಚ್ಚಬೇಡಿ, ಮೊದಲು ವ್ಯಾನ್ ಇಳೀಲಿ. ಇಲ್ಲಾಂದ್ರೆ ಮೂತಿ ಮೇಲೇಳುತ್ತೆ.’

ಕೊಂಡಿಯ ಹತ್ತಿರ ಬಗ್ಗಿದ್ದ ನಾನು ಷೂ ಲೇಸು ಕಟ್ಟಿಕೊಂಡೆ.