ಮೇಲಿನ ಕೆಂಡ

ಬೆಳಿಗ್ಗೆ ಮಗಳು ಬೆಂಗಳೂರಿನಿಂದ ಮೊಬೈಲಿಗೊಂದು ಅಡುಗೆ ವಿಧಾನ ಕಳಿಸಿದಳು. ಹೆಸರು ‘ಉಳಿದಿದ್ದರಲ್ಲೇ ಬೇಕ್ಡ್ ಪಾಸ್ತಾ’. ಕೆಳಗೆ ಸಾಮಾನಿನ ಪಟ್ಟಿ: ಎರಡು ಬಗೆಯ ಚೀಸ್, ಫ್ರೆಶ್ ಕ್ರೀಮ್, ಬೇಸಿಲ್, ಆಲಿವ್ ಎಣ್ಣೆ. ಓದಿ ಸಿಟ್ಟೇ ಬಂತು. ಇವೆಲ್ಲ ಯಾರ ಮನೆಯಲ್ಲಿ ಉಳಿದಿರುತ್ತವೆ? ಪಟ್ಟಿ ಹಿಡಿದು ಪೇಟೆಗೆ ಹೋಗಿ ತಂದದ್ದನ್ನು ಉಳಿದದ್ದು ಎಂದು ಕರೆಯುವುದು ಅನ್ಯಾಯ. ಉಳಿದದ್ದರ ಅಡುಗೆ ಡಬ್ಬಿಗಳ ಮುಚ್ಚಳ ತೆಗೆದು ನೋಡುವುದರಿಂದ ಶುರುವಾಗಬೇಕು. ಅದು ಕಡಿಮೆ ದರ್ಜೆಯ ಅಡುಗೆಯಲ್ಲ. ನನ್ನ ಮಟ್ಟಿಗೆ ಅಡುಗೆಯವರ ಕೈಗುಣ ಗೊತ್ತಾಗುವುದೇ ಅಲ್ಲಿ.

ಕುಮಟೆಯಲ್ಲಿ ಈಗ ಆಷಾಢದ ಮಳೆ. ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ಅಪರೂಪ, ತರಕಾರಿ ತುಟ್ಟಿ. ಡಬ್ಬಿಗಳಲ್ಲಿ ಸಿಕ್ಕಿದ್ದು ಮೊಮ್ಮಕ್ಕಳು ರಜೆಗೆ ಬಂದಾಗ ಬಿಟ್ಟುಹೋದ ಅರ್ಧ ಪೊಟ್ಟಣ ಪಾಸ್ತಾ, ಒಂದು ಹಿಡಿ ಒಣ ಶೆಟ್ಲಿ (ಸಿಗಡಿ), ಮೆತ್ತಗಾದ ಬೇಕರಿ ಖಾರಿ, ಭರಣಿಯ ತಳದಲ್ಲಿ ಹಸಿ ಕಾಳುಮೆಣಸಿನ ಉಪ್ಪಿನಕಾಯಿ. ಬುಟ್ಟಿಯಲ್ಲಿ ತೆಂಗಿನಕಾಯಿ, ತೊಲೆಗೆ ನೇತುಹಾಕಿದ ಈರುಳ್ಳಿ ಗೊಂಚಲು.

ಪಾಸ್ತಾ ಪರಕೀಯವೇನಲ್ಲ. ಉಪ್ಪಿಟ್ಟಿನ ಬನ್ಸಿ ರವೆಯೂ ಅದೂ ಒಂದೇ ಡ್ಯೂರಮ್ ಗೋಧಿಯವು. ಇನ್ನು ಹಿಟ್ಟಿನ ಎಳೆಗೆ ಮಸಾಲೆ ಪದರ ಹಾಕಿ ಮುಚ್ಚಿ ಬೇಯಿಸುವ ವಿದ್ಯೆ ಕಲಿಯಲು ಇಟಲಿವರೆಗೆ ಹೋಗಬೇಕಾಗಿಲ್ಲ, ಭಟ್ಕಳಕ್ಕೆ ಹೋದರೆ ಸಾಕು. ಅಲ್ಲಿ ನವಾಯತ ಮುಸ್ಲಿಮರ ಮನೆಗಳಲ್ಲಿ ಅನ್ನದ ಬದಲು ಶಾವಿಗೆ ಹಾಕಿ ಬಿರಿಯಾನಿ ಮಾಡುತ್ತಾರೆ. ಧಾರಾಳವಾಗಿ ಈರುಳ್ಳಿ ಹಾಕಿದ ಮಸಾಲೆ, ಮೇಲೆ ಶಾವಿಗೆ, ಆಮೇಲೆ ದಮ್. ಭಟ್ಕಳದ ಗೆಳತಿಯೊಬ್ಬಳು ಅದನ್ನು ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸಿ ಎತ್ತುತ್ತಾಳೆ, ಪದರ ಕದಡುವುದಿಲ್ಲ. ಪಾಸ್ತಾ ಪೊಟ್ಟಣ ಕಂಡದ್ದೇ ನನಗೆ ನೆನಪಾದದ್ದು ಆ ಸೌಟು.

ಈರುಳ್ಳಿಯ ವಿಷಯಕ್ಕೆ ಬಂದರೆ ನಾನು ಕುಮಟೆಯ ಪಕ್ಷ. ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಯಲ್ಲಿ, ಅಳ್ವೆಕೋಡಿ, ಹಂದಿಗೋಣದ ಕಡೆ, ಒಣಗಿದ ಸೊಪ್ಪಿನಲ್ಲೇ ಜಡೆ ಹೆಣೆದು ತೂಗುಹಾಕಿ ಮಾರುವ ಈ ಸಿಹಿ ಈರುಳ್ಳಿಯನ್ನು ಗೊಂಚಲುಗಟ್ಟಲೆ ತಂದು ಇಟ್ಟುಕೊಂಡವರಿಗೆ ಚೀಸ್ ಇಲ್ಲ ಎಂಬ ಚಿಂತೆ ಬೇಡ. ಸಣ್ಣ ಉರಿಯಲ್ಲಿ ಬಾಡಿಸುತ್ತಾ ಹೋದರೆ ನೀರು ಬಿಟ್ಟು, ಕರಗಿ, ಕೊನೆಗೆ ಜೇನುಬಣ್ಣದ ಮುದ್ದೆಯಾಗುತ್ತದೆ. ಅದಕ್ಕೆ ಹುರಿದ ಶೆಟ್ಲಿ, ನಾಲ್ಕು ಕಾಳು ಉಪ್ಪಿನಕಾಯಿ ಮೆಣಸು, ಅಕ್ಕಿಹಿಟ್ಟು ಕದಡಿದ ತೆಂಗಿನ ಹಾಲು. ಪಾಸ್ತಾವನ್ನು ಪೂರ್ತಿ ಬೇಯಿಸಬಾರದು, ನಡುವೆ ಗಟ್ಟಿ ಇರುವಾಗಲೇ ಬಸಿಯಬೇಕು. ಉಳಿದ ನೀರನ್ನು ಅದು ಹಾಲಿನಿಂದಲೇ ಕುಡಿದುಕೊಳ್ಳುತ್ತದೆ. ಮೇಲೆ ಖಾರಿ ಪುಡಿ ಮಾಡಿ ಉದುರಿಸಿದೆ. ಇಷ್ಟನ್ನು ಯಾರಾದರೂ ಮಾಡಿಯಾರು.

ಮಾಡದೇ ಇರುವುದು ಮುಂದಿನದು. ಗ್ಯಾಸ್ ಒಲೆ ಬಂದ ಮೇಲೆ ನಾವು ಮೇಲಿನ ಬೆಂಕಿಯನ್ನು ಕಳೆದುಕೊಂಡೆವು. ಹೊನ್ನಾವರದ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ, ಅಕ್ಕಿರವೆ, ಬೆಲ್ಲದ ಧೊಂಡಸ ಎಂಬ ತಿಂಡಿ ಬೇಯುತ್ತಿದ್ದದ್ದು ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು. ಕೆಳಗಿನ ಬೆಂಕಿ ಬೇಯಿಸುತ್ತದೆ, ಮೇಲಿನದು ಒಣಗಿಸಿ ಕೆಂಪಾಗಿಸುತ್ತದೆ. ಬೇರೆ ಬೇರೆ ದಿನದ, ಬೇರೆ ಬೇರೆ ಡಬ್ಬಿಯ ಸಾಮಾನು ಒಂದೇ ತಿಂಡಿಯಾಗುವುದು ಆ ಕೆಂಪು ಹೆಪ್ಪಳಿಕೆಯಲ್ಲೇ. ಓವನ್ ಇಲ್ಲದವರು ಅಗಲ ಪಾತ್ರೆಯಲ್ಲಿ ಸಾಣಿಕಟ್ಟೆಯ ಹರಳುಪ್ಪು ಹಾಸಿ, ಅದರ ಮೇಲೆ ಪಾತ್ರೆ ಇಟ್ಟು ಮುಚ್ಚಿದರೆ ತಳ ಸೀಯುವುದಿಲ್ಲ. ಆದರೆ ಮೇಲೆ ಕೆಂಪಾಗದು. ಮಳೆಗಾಲದಲ್ಲಿ ನಮ್ಮ ಬಚ್ಚಲೊಲೆಗೆ ಕರಟವೇ ಸೌದೆ. ಕರಟದ ಕೆಂಡಕ್ಕೆ ಹೊಗೆಯಿಲ್ಲ, ಕಾವು ಬೇಗ ಇಳಿಯದು. ಇಕ್ಕಳದಲ್ಲಿ ಎತ್ತಿ ತಗ್ಗು ಮುಚ್ಚಳದ ಮೇಲೆ ಹರವಿದೆ, ಅಂಚಿಗೆ ಹೆಚ್ಚು, ನಡುವೆ ಕಡಿಮೆ. ಮುಚ್ಚಳ ತೆಗೆದಾಗ ಖಾರಿ ಕಂದಾಗಿ, ಪಾಸ್ತಾದ ಮೇಲ್ತುದಿಗಳು ಗರಿಗರಿಯಾಗಿ, ತೆಂಗಿನ ಹಾಲು ಬದಿಗಳಲ್ಲಿ ಇನ್ನೂ ಗುಳುಗುಳು ಎನ್ನುತ್ತಿತ್ತು. ಫೋಟೊ ಕಳಿಸಿದೆ. “ಆಯಿ, ಚೀಸ್ ಎಲ್ಲಿ ಸಿಕ್ತು?” ಎಂದಳು ಮಗಳು.

ತಿನ್ನುವಾಗ ನಾಲಿಗೆಗೆ ಸಿಕ್ಕಿದ ಉಪ್ಪಿನಕಾಯಿ ಮೆಣಸು ನನ್ನ ಮನಸ್ಸನ್ನು ಹೊನ್ನಾವರಕ್ಕೆ ಎಳೆಯಿತು. 14ನೇ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು, ರೇಷ್ಮೆಯುಟ್ಟ ಹೆಣ್ಣೊಬ್ಬಳು ಬಡಿಸಿದ ಕ್ರಮದಲ್ಲೇ ಬರೆದಿಟ್ಟಿದ್ದಾನೆ: ಅನ್ನ, ತುಪ್ಪ, ಕಾಳುಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎನ್ನುತ್ತಾನೆ; ಕುಮಟೆಯಲ್ಲಿ ಇವತ್ತಿಗೂ ಹಾಗೇ. ಮಳೆಗಾಲವೆಂದು ಬಿಸಿನೀರು ಕುಡಿದದ್ದನ್ನೂ ಬಿಟ್ಟಿಲ್ಲ. ಮತ್ತೊಂದು ಸಲ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯಿಲ್ಲದೆ ಅನ್ನದಲ್ಲೇ ಕಳೆದನಂತೆ. ಇಷ್ಟೆಲ್ಲ ಬರೆದವನು ತಟ್ಟೆಗಳು ಒಳಗೆ ಹೋದ ಮೇಲೆ ಮಿಕ್ಕ ಅನ್ನ, ಮಿಕ್ಕ ಕೋಳಿ ಏನಾಯಿತೆಂದು ಬರೆದಿದ್ದರೆ! ಬಡಿಸಿದ ಆ ರೇಷ್ಮೆಯುಟ್ಟ ಹೆಣ್ಣು ಮಾರನೆಯ ಬೆಳಿಗ್ಗೆ ಏನು ತಿಂದಳು?

ಮೆಣಸಿನ ವಿಷಯದಲ್ಲೂ ಹೀಗೇ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಮೆಣಸು ಹಡಗು ಹತ್ತಿದ ಕತೆ ನಮಗೆ ಗೊತ್ತು, ಅವಳ ಅಡುಗೆಮನೆಯ ಭರಣಿಗೆ ಎಷ್ಟು ಇಳಿಯಿತೋ ಗೊತ್ತಿಲ್ಲ. ಮಳೆ ಕಡಿಮೆಯಾದ ಮೇಲೆ ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆಗೆ ಹೋಗಿಬರಬೇಕು. ಚತುರ್ಮುಖ ಬಸದಿ ನೋಡಿ ಮುಗಿದ ಮೇಲೆ ತೋಟದ ಮನೆಗಳ ಮುದುಕಿಯರನ್ನು ಕೇಳಬೇಕು: ಮೆಣಸಿನ ಗೊಂಚಲು ಉಪ್ಪುನೀರಿಗೆ ಹಾಕುವುದು ಕಾಳು ಎಷ್ಟು ಬಲಿತಾಗ, ನಿಂಬೆರಸ ಮೊದಲೋ ಆಮೇಲೋ ಎಂದು.