ಮುಂಬಯಿಯ ಗಾಲ್ಫ್ ಬಯಲುಗಳು

ಗಾಲ್ಫ್ ಎಂದೊಡನೆ ನಮ್ಮವರಲ್ಲಿ ಬಹುಮಂದಿಗೆ ನೆನಪಾಗುವುದು ಎತ್ತರದ ಗೋಡೆ, ಗೇಟಿನ ಬಳಿ ನಿಂತ ಕಾವಲುಗಾರ, ಸಂದಿನಲ್ಲಿ ಕಾಣುವ ಹಸಿರು, ಇಷ್ಟೇ. ಚೆಂಬೂರಿನಲ್ಲಿ ಹತ್ತಾರು ವರ್ಷ ಸಂಸಾರ ಹೂಡಿದವರೂ ಆ ಹಸಿರಿನೊಳಗೆ ಕಾಲಿಟ್ಟಿರುವುದು ಅಪರೂಪ. ಆದರೆ ಈ ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಅದು ಊರವರೆಲ್ಲರ ಬಯಲಿನಲ್ಲಿ ಬೆಳೆದದ್ದು. ಅಲ್ಲಿಯ ಬಯಲನ್ನೇ ಅಳತೆಗೋಲಾಗಿ ಇಟ್ಟುಕೊಂಡು ನಮ್ಮ ಮುಂಬಯಿಯ ಬಯಲುಗಳನ್ನು ಒಮ್ಮೆ ಸುತ್ತಿ ಬರೋಣ.

ಸ್ಕಾಟ್ಲೆಂಡಿನವರು ಕಡಲ ಬದಿಯ ಗಾಲ್ಫ್ ಬಯಲನ್ನು ‘ಲಿಂಕ್ಸ್’ ಎನ್ನುತ್ತಾರೆ. ಕಡಲಿಗೂ ಹೊಲಗಳಿಗೂ ನಡುವೆ ಬಿದ್ದಿರುವ ಮರಳು ದಿಬ್ಬಗಳ ನೆಲ ಅದು. ಅಲ್ಲಿ ಬೆಳೆ ಬಾರದು. ಗಿಡ್ಡ ಹುಲ್ಲು ಹಬ್ಬುತ್ತದೆ, ಹಿಂದೆ ಕುರಿ ಮೊಲಗಳು ಮೇಯುತ್ತಿದ್ದವು. ಮರಳಾದ್ದರಿಂದ ಮಳೆನೀರು ಬೇಗ ಇಂಗಿ ನೆಲ ಗಟ್ಟಿಯಾಗಿಯೇ ಇರುತ್ತದೆ. ಮರಗಳು ವಿರಳ, ಕಡಲ ಗಾಳಿಗೆ ತಡೆಯಿಲ್ಲ. ಬೆಳಿಗ್ಗೆ ಸುಲಭವಾಗಿದ್ದ ಕುಳಿ, ಗಾಳಿ ತಿರುಗಿದರೆ ಮಧ್ಯಾಹ್ನಕ್ಕೆ ಕಠಿಣವಾಗುತ್ತದೆ. ಆದ್ದರಿಂದ ಬಲ್ಲವರು ಚೆಂಡನ್ನು ಮೇಲಕ್ಕೆ ಹಾರಿಸದೆ ತಗ್ಗಾಗಿ ಹೊಡೆದು, ನೆಲದ ಏರಿಳಿತ ನೋಡಿ ಉರುಳಿಸುತ್ತಾರೆ. ನಮ್ಮೂರ ಹುಡುಗರು ಗೋಲಿಯನ್ನು ಕುಳಿಗೆ ಬಿಡುವ ಜಾಣತನವೂ ಇಂಥದೇ.

ಇವುಗಳಲ್ಲಿ ಹೆಸರಾದದ್ದು ಸೇಂಟ್ ಆಂಡ್ರೂಸ್ ಪಟ್ಟಣದ ‘ಓಲ್ಡ್ ಕೋರ್ಸ್’. ಆ ಬಯಲಿನಲ್ಲಿ ಆಡುವ ಹಕ್ಕು ಊರವರದೆಂದು ಆರ್ಚ್‌ಬಿಷಪ್ ಹ್ಯಾಮಿಲ್ಟನ್ 1552ರ ಸನ್ನದಿನಲ್ಲಿ ಒಪ್ಪಿಕೊಂಡರು. ಅಲ್ಲಿ 22 ಕುಳಿಗಳಿದ್ದ ಆಟ 1764ರಲ್ಲಿ 18ಕ್ಕೆ ಇಳಿಯಿತು; ಇಂದು ಲೋಕವೆಲ್ಲ 18 ಎನ್ನುವುದು ಇದರಿಂದಲೇ. 1974ರಿಂದ ಬಯಲಿನ ಆಡಳಿತ ಒಂದು ಸಾರ್ವಜನಿಕ ಟ್ರಸ್ಟಿನದು. ಆಡಲು ಶುಲ್ಕ ಹಗುರವಲ್ಲ, ಸರದಿಗೆ ಚೀಟಿ ಎತ್ತುವುದೂ ಉಂಟು. ಆದರೆ ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ. ಊರಿನ ಜನ ಮಕ್ಕಳು ನಾಯಿಗಳೊಡನೆ ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.

ಹಾಗಾದರೆ ಲಿಂಕ್ಸನ್ನು ಅಳೆಯಲು ಮೂರು ಪ್ರಶ್ನೆ ಸಾಕು: ನೆಲ ಎಂಥದು? ಗಾಳಿ ಎಂಥದು? ಒಳಗೆ ಹೋಗುವ ದಾರಿ ಯಾರಿಗೆ?

ಗಾಳಿಯ ಮಾತಿನಲ್ಲಿ ಮೊದಲ ಸ್ಥಾನ ಕೊಲಾಬಾದ ತುದಿಯಲ್ಲಿರುವ ಯುನೈಟೆಡ್ ಸರ್ವಿಸಸ್ ಕ್ಲಬ್ಬಿಗೆ. ಪಕ್ಕದಲ್ಲೇ ಅರಬ್ಬೀ ಸಮುದ್ರ. ಪಶ್ಚಿಮದ ಗಾಳಿ ಎದ್ದಾಗ ಚೆಂಡು ಹೊಡೆದವನ ಮಾತು ಕೇಳುವುದಿಲ್ಲ. ಸ್ಕಾಟ್ಲೆಂಡಿನವನೊಬ್ಬ ಬಂದರೆ ಇಲ್ಲಿ ತನ್ನೂರಿನ ಗುರುತು ಹಿಡಿದಾನು. ಆದರೆ ಸೇನೆಯವರ ನೆಲವಾದ್ದರಿಂದ ನಮ್ಮ ನಿಮ್ಮಂಥವರಿಗೆ ದಾರಿ ಸುಲಭವಲ್ಲ.

ಹಾಜಿ ಅಲಿಯ ಹತ್ತಿರದ ವಿಲಿಂಗ್‌ಡನ್ ಕ್ಲಬ್ ಹುಟ್ಟಿದ್ದು 1918ರಲ್ಲಿ. ಭಾರತೀಯರಿಗೆ ಬಾಗಿಲು ಮುಚ್ಚಿದ ಕ್ಲಬ್ಬುಗಳಿದ್ದ ಕಾಲದಲ್ಲಿ ಅದು ಬಿಳಿಯರನ್ನೂ ನಮ್ಮವರನ್ನೂ ಒಟ್ಟಿಗೆ ಸೇರಿಸಿಕೊಂಡಿತು. ಆ ಹಿರಿಮೆಯನ್ನು ಮರೆಯಬಾರದು. ಆದರೂ ತೆರೆದದ್ದು ಉಳ್ಳವರಿಗಾಗಿ.

ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರದು. 18 ಕುಳಿಗಳ ಬಯಲು. ಮರಗಳ ಸಾಲು, ಹಕ್ಕಿಗಳ ಉಲಿ. ನೋಡಲು ಅತಿ ಚೆಂದ, ಆದರೆ ಲಿಂಕ್ಸ್ ಅಲ್ಲ. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಸೇಂಟ್ ಆಂಡ್ರೂಸಿನ ಮಳೆ ಅದರ ಮೂರರಲ್ಲೊಂದು ಪಾಲು, ಅದೂ ವರ್ಷವಿಡೀ ಹಂಚಿಹೋಗಿ. ಆಷಾಢದಲ್ಲಿ ನಮ್ಮ ನೆಲದ ಮೇಲೆ ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಇಲ್ಲಿಯ ಆಟಗಾರ ಹಾರಿಸಿಯೇ ಆಡಬೇಕು.

ದಾರಿಯ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ಖಾರಘರ್. ಗುಡ್ಡದ ಬುಡದಲ್ಲಿ ಸಿಡ್ಕೊ ಸಂಸ್ಥೆ 11 ಕುಳಿಗಳಿಂದ ಆರಂಭಿಸಿದ ಈ ಬಯಲಿನಲ್ಲಿ ಸದಸ್ಯರಲ್ಲದವರೂ ಹಣ ಕೊಟ್ಟು ಆಡಬಹುದು. ಸುತ್ತ ಬೆಟ್ಟ, ಮಳೆಗಾಲದಲ್ಲಿ ಜಲಧಾರೆ. ಕಡಲಿಲ್ಲದ ಕೊರತೆಯನ್ನು ಬೆಟ್ಟ ತುಂಬಿಕೊಡುತ್ತದೆ.

ಇನ್ನು ಉಳಿದದ್ದು ಯಾವ ಪಟ್ಟಿಯಲ್ಲೂ ಇಲ್ಲದ ಬಯಲು. ಚೆಂಬೂರಿನ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊತ್ತು ನಡೆಯುವ ಕ್ಯಾಡಿಗಳಲ್ಲಿ ಕೆಲವರು ಸಂಜೆ ತಮ್ಮ ವಸತಿಯ ಗಲ್ಲಿಗಳಲ್ಲಿ ತಾವೇ ಗಾಲ್ಫ್ ಆಡುತ್ತಾರೆ. ಪತ್ರಿಕೆಗಳೂ ಇದನ್ನು ವರದಿ ಮಾಡಿವೆ. ಬಗ್ಗಿಸಿದ ಕಬ್ಬಿಣದ ಸರಳೇ ಕೋಲು, ಚೆಂಡು ಪ್ಲಾಸ್ಟಿಕ್ಕಿನದು. ಮರಳುಗುಂಡಿಯ ಬದಲು ಚರಂಡಿ. ಕಿಟಕಿ ಗಾಜು ಒಡೆಯದಂತೆ, ತಲೆಗೆ ತಗಲದಂತೆ ಚೆಂಡನ್ನು ತಗ್ಗಾಗಿ, ಲೆಕ್ಕವಿಟ್ಟು ಹೊಡೆಯಬೇಕು. ಇದು ಲಿಂಕ್ಸಿನ ವಿದ್ಯೆಯೇ ಅಲ್ಲವೆ? ಊರ ಬಯಲಿನಲ್ಲಿ, ಕೈಗೆ ಸಿಕ್ಕ ಕೋಲಿನಿಂದ, ಎಲ್ಲರ ನಡುವೆ ಆಡಿದ ಆ ಹಳೆಯ ಆಟದ ನಿಜವಾದ ವಾರಸುದಾರರು ಇವರೇ ಎಂದರೆ ಅತಿಶಯೋಕ್ತಿಯಾಗದು.

ಚೀಲ ಹೊತ್ತ ಹೆಗಲಿಗೆ ಪ್ರತಿಭೆ ಇಲ್ಲವೆನ್ನಲಾಗದು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯರಾದರು. ನಮ್ಮ ಕನ್ನಡ ನಾಡಿನ ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಈಗಲ್‌ಟನ್ ಮೈದಾನದಲ್ಲಿ ಬಡ ಹುಡುಗನಾಗಿ ಆಟ ಕಲಿತು ವೃತ್ತಿ ಆಟಗಾರರಾಗಿ ಪ್ರಶಸ್ತಿಗಳನ್ನು ಗಳಿಸಿದರು. ಒಬ್ಬರಿಗೆ ಬಾಗಿಲು ತೆರೆದರೆ ಏನಾಗಬಹುದೆಂಬುದಕ್ಕೆ ಇವು ಸಾಕ್ಷಿ.

ಬಯಲಿಗಾಗಿ ಹಂಬಲಿಸುವ ಊರು ನಮ್ಮದು. ಮಹಾಲಕ್ಷ್ಮಿ ರೇಸ್‌ಕೋರ್ಸಿನ 211 ಎಕರೆಗಳಲ್ಲಿ 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕೆ ಬಿಡಿಸಿಕೊಳ್ಳುವ ನಿರ್ಧಾರ 2024ರಲ್ಲಿ ಆಯಿತು. ಗಾಲ್ಫ್ ಬಯಲುಗಳನ್ನು ಒಡೆಯಬೇಕೆಂದು ಯಾರೂ ಹೇಳಬೇಕಿಲ್ಲ. ಅವು ಇರುವುದರಿಂದಲೇ ಅಲ್ಲಿ ಗೋಪುರಗಳು ಎದ್ದಿಲ್ಲ. ಸೇಂಟ್ ಆಂಡ್ರೂಸಿನ ಭಾನುವಾರದಂಥ ಒಂದು ದಿನ ನೆರೆಯ ಜನರಿಗೂ ಕ್ಯಾಡಿಗಳ ಮಕ್ಕಳಿಗೂ ದೊರೆತರೆ ಸಾಕು.

ಅಲ್ಲಿಯವರೆಗೆ, ಮಕ್ಕಳಿಗೆ ಈ ಆಟದ ನೆಲವನ್ನು ತೋರಿಸಬೇಕೆನ್ನುವವರು ಚೆಂಬೂರಿನಲ್ಲಿ ಪನವೇಲಿನ ಗಾಡಿ ಹತ್ತಿ ಖಾರಘರಿನಲ್ಲಿ ಇಳಿಯಲಿ. ಗಾಲ್ಫ್ ಬಯಲಿನ ಪಕ್ಕದಲ್ಲೇ ಸೆಂಟ್ರಲ್ ಪಾರ್ಕ್ ಇದೆ. ಬುತ್ತಿ ಕಟ್ಟಿಕೊಂಡು ಹೋದರೆ ಒಂದು ದಿನ ಸುಖವಾಗಿ ಕಳೆಯುತ್ತದೆ.