ಶೀಟಿನ ಮನೆಗೂ ಬೀಗ ಇದೆ

ದಸರಾ, ದೀಪಾವಳಿ ರಜೆ ಬಂತು ಅಂದ್ರೆ ಎಲ್ಲ ವಾಟ್ಸಾಪ್ ಗ್ರೂಪಲ್ಲೂ ಅದೇ ಮೆಸೇಜು. ಊರಿಗೆ ಹೋಗೋ ಮುಂಚೆ ಠಾಣೆಗೆ ತಿಳಿಸಿ, ಹಾಲು, ಪೇಪರ್ ನಿಲ್ಲಿಸಿ, ಹೊರಗಿನ ಲೈಟು ಉರೀತಿರಲಿ, ಸಿಸಿಟಿವಿ ಹಾಕಿಸಿ. ಕೊನೇ ಸಾಲು: ಮನೆಕೆಲಸದವರ ಮೇಲೆ ಒಂದು ಕಣ್ಣಿರಲಿ. ಮೊದಲಿನ ಸಾಲುಗಳ ಬಗ್ಗೆ ನನ್ನ ತಕರಾರಿಲ್ಲ. ಈ ಕೊನೇ ಸಾಲಿನ ಬಗ್ಗೆ, ಆ ಮೆಸೇಜಿನ ಲೆಕ್ಕಕ್ಕೇ ಬಾರದ ಮನೆಗಳ ಬಗ್ಗೆ ಬರೀತಿದ್ದೀನಿ.

ಮರ್ಫಿ ಟೌನ್, ಜೋಗುಪಾಳ್ಯ, ದೂಪನಹಳ್ಳಿ ಕಡೆಯಿಂದ ನಮ್ಮ ಹೆಣ್ಣುಮಕ್ಕಳು ಬೆಳಗಾದ್ರೆ ಇಂದಿರಾನಗರದ ಮನೆಗಳಿಗೆ ಪಾತ್ರೆ, ಬಟ್ಟೆ, ಅಡುಗೆ ಕೆಲಸಕ್ಕೆ ಹೋಗ್ತಾರೆ. ಅಪಾರ್ಟ್‌ಮೆಂಟ್ ಆದ್ರೆ ಗೇಟಲ್ಲಿ ಫೋಟೋ, ಆಧಾರ್, ವಾಪಸ್ ಬರುವಾಗ ಬ್ಯಾಗ್ ತೆಗೆದು ತೋರಿಸಬೇಕು. ಅದೇ ಹೊತ್ತಲ್ಲಿ ಅವರ ಸ್ವಂತ ಮನೆಗೆ ಒಂದು ಸಣ್ಣ ಬೀಗ ಬಿದ್ದಿರುತ್ತೆ. ಗಂಡ ಗಾರೆ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ. ಬೇರೆಯವರ ಮನೆ ನೋಡಿಕೊಳ್ಳೋರ ಮನೆಯನ್ನ ಯಾರು ನೋಡಿಕೊಳ್ಳೋದು?

ನಮ್ಮ ಬೀದಿಯ ಅಕ್ಕ ಒಬ್ಬರ ಮನೆಗೆ ಹಾಡಹಗಲೇ ಶೀಟು ಸರಿಸಿ ಇಳಿದಿದ್ದಾರೆ. ಟ್ರಂಕಲ್ಲಿದ್ದ ಓಲೆ, ಜುಮುಕಿ, ಮಗನ ಕಾಲೇಜ್ ಫೀಸು ಹೋಯ್ತು. ಅದರ ಜೊತೆಗೇ ಇದ್ದ ಪ್ಲಾಸ್ಟಿಕ್ ಕವರೂ ಹೋಯ್ತು. ಅದರಲ್ಲಿ ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡ್, ಹಕ್ಕುಪತ್ರ. ಅವರ ಜೊತೆ ಠಾಣೆಗೆ ನಾನೂ ಹೋಗಿದ್ದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ನಿನ್ ಹತ್ರ ಅಷ್ಟು ಚಿನ್ನ ಎಲ್ಲಿಂದ ಬಂತಮ್ಮ?"

ಅಕ್ಕ ಹೇಳಿದ್ರು, "ಇಪ್ಪತ್ತು ತಿಂಗಳು ಚೀಟಿ ಕಟ್ಟಿದ್ದೀನಿ ಸಾರ್."

ಕಳ್ಳತನ ಅವರ ಮನೆಯಲ್ಲಿ ಆದ್ರೂ ಲೆಕ್ಕ ಕೊಡಬೇಕಾದವರು ಅವರೇ. ಇಂದಿರಾನಗರದ ಮನೆಯಲ್ಲಿ ಉಂಗುರ ಕಾಣದಿದ್ರೂ ಲೆಕ್ಕ ಕೊಡಬೇಕಾದವರು ಅವರೇ.

ಈ ಅನುಮಾನ ಇವತ್ತಿನದಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಇಡೀ ಸಮುದಾಯಗಳನ್ನ ಹುಟ್ಟುಕಳ್ಳರು ಅಂತ ಪಟ್ಟಿ ಮಾಡಿದರು. ಮದ್ರಾಸ್ ಪ್ರಾಂತ್ಯದಲ್ಲಿ ಕೊರವರನ್ನೂ ಆ ಪಟ್ಟಿಗೆ ಸೇರಿಸಿದರು. 1952ರಲ್ಲಿ ಕಾಯ್ದೆ ರದ್ದಾಯ್ತು. ಕಾಗದದಿಂದ ಹೋಯ್ತು, ಕಣ್ಣಿಂದ ಹೋಗಿಲ್ಲ.

ಆದ್ರೆ ಈಗಿನ ಕಾನೂನು ಏನು ಹೇಳುತ್ತೆ ನೋಡಿ. ಮನೆಯೊಳಗಿನ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ. ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮನುಷ್ಯರು ವಾಸ ಮಾಡೋ ಕಟ್ಟಡ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ, ಡೇರೆಯನ್ನೂ ಸೇರಿಸಿದೆ. ಡೇರೆಯೇ ಮನೆ ಅಂದಮೇಲೆ ಶೀಟಿನ ಮನೆ ಮನೆಯಲ್ವಾ? ಡಿಫೆನ್ಸ್ ಕಾಲೊನಿಯ ಬಂಗಲೆಗೂ ಕೆ.ಆರ್. ಪುರಂನ ಕಟ್ಟಡ ಕಾರ್ಮಿಕರ ಶೆಡ್ಡಿಗೂ ಕಲಂ ಒಂದೇ.

ಹಾಗಾಗಿ ನಮ್ಮವರು ಇಷ್ಟು ನೆನಪಿಟ್ಟುಕೊಳ್ಳಿ:

• ಜಾತಿ ಪ್ರಮಾಣಪತ್ರ, ಹಕ್ಕುಪತ್ರ ಎಲ್ಲದರ ಫೋಟೋ ತೆಗೆದು ಫೋನಲ್ಲಿ, ನಂಬಿಕಸ್ತರ ಹತ್ರ ಒಂದು ಜೆರಾಕ್ಸ್ ಇಡಿ. ಒಡವೆಯ ಫೋಟೋ, ಬಿಲ್ಲು, ಚೀಟಿ ಪುಸ್ತಕ ಕೂಡ. "ಎಲ್ಲಿಂದ ಬಂತು" ಅನ್ನೋ ಪ್ರಶ್ನೆಗೆ ಅದೇ ಉತ್ತರ.

• ಕಳ್ಳತನ ಆದ್ರೆ ಏನನ್ನೂ ಮುಟ್ಟದೆ 112ಕ್ಕೆ ಫೋನ್ ಮಾಡಿ. "ನಮ್ಮ ಲಿಮಿಟ್ ಅಲ್ಲ" ಅಂತ ವಾಪಸ್ ಕಳಿಸೋ ಹಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಲೇಬೇಕು. ಬರ್ಕೊಳ್ಳಲಿಲ್ಲ ಅಂದ್ರೆ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ.

• ಕೆಲಸದ ಮನೆಯ ಕಳ್ಳತನಕ್ಕೆ ಹೆಣ್ಣುಮಕ್ಕಳನ್ನ ಸಾಕ್ಷಿಯಾಗಿ ವಿಚಾರಿಸಬೇಕಿದ್ರೆ ಅವರ ಮನೆಗೇ ಬಂದು ಕೇಳಬೇಕು, 179ನೇ ಕಲಂ. ಠಾಣೆಗೆ ಬನ್ನಿ ಅಂತ ಬಲವಂತ ಮಾಡೋ ಹಾಗಿಲ್ಲ.

• ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗ್ತಾರೆ. ನಂಬರ್ 15100.

ಮನೆ ಮಾಲೀಕರಿಗೂ ಒಂದು ಮಾತು. ನಿಮ್ಮ ಮನೇಲಿ ಕಳ್ಳತನ ಆದ್ರೆ ದೂರು ಕೊಡಿ, ಏನು ಹೋಯ್ತು, ಯಾವಾಗ ಹೋಯ್ತು ಬರೆಸಿ. ಅವಳು ಆ ಬೀದಿಯವಳು ಅನ್ನೋ ಒಂದೇ ಕಾರಣಕ್ಕೆ ಹೆಸರು ಬರೆಸಬೇಡಿ. ಪರಿಶಿಷ್ಟರಲ್ಲದವರು ಸುಳ್ಳು ಮಾಹಿತಿ ಕೊಟ್ಟು ಪೊಲೀಸರಿಂದ ಪರಿಶಿಷ್ಟರಿಗೆ ತೊಂದರೆ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಮನೆ ಕಾಯೋದು ಗಟ್ಟಿ ಬೀಗ, ಬೆಳಕು, ಅಕ್ಕಪಕ್ಕದ ಜನ. ಜಾತಿ ನೋಡಿ ಹುಟ್ಟಿದ ಅನುಮಾನ ಒಂದು ಕಿಟಕಿಯನ್ನೂ ಕಾಯಲ್ಲ.

ಅಕ್ಕನ ಎಫ್‌ಐಆರ್ ಆವತ್ತು ರಾತ್ರಿ ಆಯ್ತು. ಓಲೆ ಇನ್ನೂ ಸಿಕ್ಕಿಲ್ಲ. ಜಾತಿ ಪ್ರಮಾಣಪತ್ರಕ್ಕೆ ಮತ್ತೆ ಅರ್ಜಿ ಹಾಕಿದ್ದೀವಿ, ಮಗನ ಸ್ಕಾಲರ್‌ಶಿಪ್ಪಿಗೆ ಅದು ಬೇಕೇ ಬೇಕು. ಹಬ್ಬಕ್ಕೆ ಮುಂಚೆ ಇದನ್ನ ನಿಮ್ಮ ಬೀದಿಯ ಗ್ರೂಪಿಗೆ ಹಾಕಿ. ಓದೋಕೆ ಬರದವರಿಗೆ ಓದಿ ಹೇಳಿ.

ಜೈ ಭೀಮ್.